ಎಡಗಡೆಯ ಬಾಗಿಲು

ಜೂನ್ ತಿಂಗಳಲ್ಲಿ ವಲ್ಲಾರ್ಪಾಡಂನಲ್ಲಿ ಕೂತು ಬಿಳಿ ಬಣ್ಣ ಹೊಡೆಯಬಾರದು ಎಂಬುದು ಅವನಿಗೆ ಗೊತ್ತಿರದ ವಿಷಯವೇನಲ್ಲ. ಆದರೂ 2024ರ ಜೂನಿನಲ್ಲಿ, ಮಳೆ ಎರಡು ದಿನ ಬಿಡುವು ಕೊಟ್ಟದ್ದನ್ನು ನಂಬಿ ಹೊಡೆದ. ಹದಿನೆಂಟು ಸೆಂಟಿಮೀಟರ್ ಉದ್ದದ ಒಂದು ಅಂಬಾಸಿಡರ್ ಕಾರಿನ ಮೈ. ಏರ್‌ಬ್ರಷ್ಷಿನಿಂದ ಬಣ್ಣ ಬೀಳುವಾಗ ಎಲ್ಲವೂ ಚೆನ್ನಾಗಿಯೇ ಇತ್ತು. ಹಸಿ ಬಣ್ಣ ಹಾಲಿನ ಕೆನೆಯ ಹಾಗೆ ಹೊಳೆಯುತ್ತಿತ್ತು. ಐದು ನಿಮಿಷದಲ್ಲಿ ಬಾನೆಟ್ಟಿನ ಮೇಲೆ ಹೊಳಪು ಸತ್ತಿತು. ಹತ್ತು ನಿಮಿಷದಲ್ಲಿ ಇಡೀ ಕಾರು ಸುಣ್ಣ ಬಳಿದ ಗೋಡೆಯಂತಾಯಿತು.

ಕಾರಣ ಸರಳ. ಲ್ಯಾಕರ್ ಬಣ್ಣದಲ್ಲಿರುವ ಥಿನ್ನರ್ ಬೇಗ ಆವಿಯಾಗುತ್ತದೆ, ಆವಿಯಾಗುವಾಗ ಬಣ್ಣ ಬಿದ್ದ ಜಾಗದ ಶಾಖವನ್ನೂ ಎತ್ತಿಕೊಂಡು ಹೋಗುತ್ತದೆ. ಜಾಗ ತಣ್ಣಗಾಯಿತೋ, ಗಾಳಿಯಲ್ಲಿರುವ ನೀರಿನ ಪಸೆ ಬಂದು ಹಸಿ ಬಣ್ಣದ ಮೇಲೆಯೇ ಕೂರುತ್ತದೆ, ಫ್ರಿಜ್ಜಿನಿಂದ ತೆಗೆದ ಬಾಟಲಿ ಬೆವರಿದ ಹಾಗೆ. ವಲ್ಲಾರ್ಪಾಡಂ ಎಂದರೆ ಕೊಚ್ಚಿಯ ಹಿನ್ನೀರಿನ ನಡುವಿನ ದ್ವೀಪ. ನಾಲ್ಕೂ ಕಡೆ ನೀರು, ಮಳೆಗಾಲದಲ್ಲಿ ಮೇಲಿನಿಂದಲೂ ನೀರು. ಡಬ್ಬಿಯಲ್ಲಿಟ್ಟ ಉಪ್ಪು ಕರಗುವ, ಗೋಡೆಗೆ ತೂಗಿದ ಬೆಲ್ಟಿಗೆ ಬೂಸಲು ಹಿಡಿಯುವ ತಿಂಗಳಲ್ಲಿ ಬಣ್ಣ ಮಾತ್ರ ಒಣಗಬೇಕು ಎಂದರೆ ಹೇಗೆ?

ಅವನು ಕುಂಬಳೆಯ ಕಡೆಯವನು. ಕಾಸರಗೋಡು ಜಿಲ್ಲೆಯಲ್ಲಿ ಕನ್ನಡ ಶಾಲೆಗೆ ಹೋಗಿ, ಮಂಗಳೂರಿನಲ್ಲಿ ಬಿ.ಕಾಂ. ಮಾಡಿ, ಕೆಲಸ ಹುಡುಕಿಕೊಂಡು ಉತ್ತರಕ್ಕೆ ಹೋಗುವ ಬದಲು ದಕ್ಷಿಣಕ್ಕೆ ಬಂದವನು. ಹನ್ನೆರಡು ವರ್ಷದಿಂದ ಕೊಚ್ಚಿಯ ಒಂದು ಕಸ್ಟಮ್ಸ್ ಕ್ಲಿಯರಿಂಗ್ ಏಜೆಂಟರ ಕಚೇರಿಯಲ್ಲಿದ್ದಾನೆ. ಬಂದ ಹೊಸದರಲ್ಲಿ ಕಂಟೇನರ್ ಟರ್ಮಿನಲ್ಲಿಗೆ ಹತ್ತಿರವಾಗಲಿ ಎಂದು ವಲ್ಲಾರ್ಪಾಡಂನಲ್ಲಿ ಮಹಡಿ ಮನೆ ಹಿಡಿದ. ಟರ್ಮಿನಲ್ ಶುರುವಾದದ್ದು 2011ರ ಫೆಬ್ರವರಿಯಲ್ಲಿ. ಅದಕ್ಕೂ ಮೊದಲೇ, 2004ರಲ್ಲಿ, ಗೋಶ್ರೀ ಸೇತುವೆಗಳು ಬಂದು ದ್ವೀಪವನ್ನು ಎರ್ನಾಕುಳಂಗೆ ಕಟ್ಟಿಹಾಕಿದ್ದವು. ಬಾಲ್ಕನಿಯಿಂದ ಹಡಗಿನ ಕ್ರೇನುಗಳು ಕಾಣುತ್ತವೆ. ಆ ಬಾಲ್ಕನಿಯ ಅರ್ಧಕ್ಕೆ ಗಾಜು ಹಾಕಿಸಿ, ಮೂರು ಅಡಿ ಉದ್ದದ ಮೇಜು ಇಟ್ಟುಕೊಂಡಿದ್ದಾನೆ. ಮಾಡೆಲ್ ಕಾರುಗಳು ಹುಟ್ಟುವುದು ಅಲ್ಲಿ.

ಕಚೇರಿಯಲ್ಲಿ ಅವನ ಕೆಲಸ ಪ್ರತಿ ಸಾಮಾನಿಗೂ ಒಂದು ನಂಬರ್ ಹುಡುಕುವುದು. ಲೋಕದಲ್ಲಿ ಇರುವ ಸರಕಿಗೆಲ್ಲ ಕಸ್ಟಮ್ಸ್‌ನವರ ಪಟ್ಟಿಯಲ್ಲಿ ಒಂದು ಮನೆ ಉಂಟು. ಗೇರುಬೀಜಕ್ಕೆ ಒಂದು, ಕಬ್ಬಿಣದ ಗುಜರಿಗೆ ಒಂದು. 9503 ಎಂಬ ಮನೆಯಲ್ಲಿ ಮಕ್ಕಳ ಮೂರು ಚಕ್ರದ ಸೈಕಲ್, ಗೊಂಬೆ, ಗೊಂಬೆಯ ತಳ್ಳುಗಾಡಿ, ಒಗಟಿನ ಆಟಗಳು, ಇವುಗಳ ಜೊತೆಗೇ ಅಳತೆಗೆ ತಕ್ಕಂತೆ ಕುಗ್ಗಿಸಿ ಮಾಡಿದ ಮಾಡೆಲ್‌ಗಳೂ ಇವೆ. ಇದನ್ನು ಮೊದಲ ಸಲ ಓದಿದಾಗ ಅವನಿಗೆ ಸ್ವಲ್ಪ ಬೇಸರವಾಗಿತ್ತು. ನಲವತ್ತರ ಹತ್ತಿರ ಬಂದ ಗಂಡಸಿನ ರಾತ್ರಿ ಕೆಲಸವನ್ನು ಸರಕಾರವೂ ಆಟಿಕೆ ಎಂದೇ ಬರೆದಿಟ್ಟಿದೆ. ಆಟಿಕೆಯ ಆಮದು ಸುಂಕ 2020ರಲ್ಲಿ ಶೇಕಡಾ 20ರಿಂದ 60ಕ್ಕೆ ಹಾರಿತು, 2023ರಲ್ಲಿ 70 ಆಯಿತು. ನಡುವೆ 2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಯಿತು. ಮಗುವಿನ ಬಾಯಿಗೆ ವಿಷದ ಬಣ್ಣ ಹೋಗಬಾರದು ಎಂಬುದು ನ್ಯಾಯವೇ. ಆದರೆ ಜಪಾನಿನಿಂದ ಬರುವ ಒಂದು ಪೆಟ್ಟಿಗೆ ಪ್ಲಾಸ್ಟಿಕ್ ತುಂಡುಗಳಿಗೆ ಅಂಗಡಿಯವನು ಹೇಳುವ ಬೆಲೆ ಕೇಳಿ ಅವನು ಫೋನ್ ಕೆಳಗಿಡುವುದೂ ನಿಜವೇ.

ಈ ಹುಚ್ಚು ಅಂಟಿಸಿದ್ದು ಅಕ್ಕನ ಗಂಡ. ದುಬೈಯಿಂದ ಬರುವಾಗ ಭಾವ ಒಂದು 1:24 ಅಳತೆಯ ಕಿಟ್ ತಂದುಕೊಟ್ಟಿದ್ದ, ಜೋಡಿಸಿದ ಕಾರೇ ಒಳಗಿದೆ ಎಂದುಕೊಂಡು. ಪೆಟ್ಟಿಗೆ ತೆರೆದರೆ ಕಾರು ಇಲ್ಲ. ಪ್ಲಾಸ್ಟಿಕ್ ಚೌಕಟ್ಟುಗಳಿಗೆ ಅಂಟಿಕೊಂಡ ನೂರಾರು ತುಂಡುಗಳು, ಹಲಸಿನ ತೊಳೆಯನ್ನು ಇನ್ನೂ ಬಿಡಿಸಿಲ್ಲ ಎಂಬಂತೆ. 1:24 ಎಂದರೆ ಅಸಲು ಕಾರಿನ ಇಪ್ಪತ್ತನಾಲ್ಕನೇ ಒಂದು ಪಾಲು, ಒಂದು ಅಡಿಗೆ ಅರ್ಧ ಇಂಚು. ಈ ಕಸುಬಿನ ಅಳತೆಗಳೆಲ್ಲ ಹೀಗೆ ಎಲ್ಲಿಂದಲೋ ಬಂದವು. 1:43 ಎಂಬ ವಿಚಿತ್ರ ಅಳತೆ ಆಟದ ರೈಲಿನಿಂದ ಇಳಿದು ಬಂತು: ರೈಲಿನ ಸ್ಟೇಷನ್ನಿನ ಪಕ್ಕದಲ್ಲಿ ನಿಲ್ಲಿಸಲು ಕಾರು ಬೇಕಿತ್ತು, ಅಷ್ಟೇ. ಮೊದಲ ಕಿಟ್ ಮುಗಿಯುವಾಗ ಅವನ ಎರಡು ಬೆರಳು ಒಂದಕ್ಕೊಂದು ಅಂಟಿಕೊಂಡಿದ್ದವು, ಮುಂದಿನ ಗಾಜಿನ ಮೇಲೆ ಅಂಟಿನ ಬೆರಳಚ್ಚು ಉಳಿದಿತ್ತು. ಎರಡನೆಯದು ಪರವಾಗಿಲ್ಲ. ಎಂಟನೆಯದು ನೋಡುವಾಗ ಹೆಂಡತಿ, ‘ಇದು ಅಂಗಡಿಯದ್ದೇ ಇರಬೇಕು’ ಎಂದಳು. ಅದನ್ನು ಅವನು ಈಗಲೂ ನೆನಪಿಟ್ಟುಕೊಂಡಿದ್ದಾನೆ.

ಹೊಗಳಿಕೆ ಅಲ್ಲಿಗೇ ಮುಗಿಯಿತು. ವಲ್ಲಾರ್ಪಾಡಂ ಮಾತೆಯ ಇಗರ್ಜಿಯಲ್ಲಿ ಒಂದು ಹರಕೆ ಉಂಟು, ಅಂಗಳ ಗುಡಿಸುವುದು. ಯಾವ ಜಾತಿ, ಯಾವ ಧರ್ಮದವರೂ ಬಂದು ಪೊರಕೆ ಹಿಡಿಯುತ್ತಾರೆ. ಉಜ್ಜಿದ ಪ್ಲಾಸ್ಟಿಕ್ಕಿನ ಬಿಳಿ ಪುಡಿ ಬಾಲ್ಕನಿಯಿಂದ ಒಳಗೆ ಹಾರಿ ಬಂದಾಗಲೆಲ್ಲ ಹೆಂಡತಿ ಹೇಳುವುದು ಒಂದೇ ಮಾತು: ‘ಆ ಹರಕೆ ಎಲ್ಲರೂ ಒಂದು ಸಲ ತೀರಿಸ್ತಾರೆ. ನಿಮ್ಮಿಂದಾಗಿ ನಾನು ದಿನಾ ತೀರಿಸ್ತಾ ಇದ್ದೇನೆ.’

ಹೊರಗಿನ ದೇಶದ ಕಾರುಗಳನ್ನು ಮಾಡಿ ಮಾಡಿ ಸಾಕಾಗಿ ಅವನಿಗೆ ಅಂಬಾಸಿಡರ್ ಬೇಕಾಯಿತು. ಯಾವುದೋ ಅಂಬಾಸಿಡರ್ ಅಲ್ಲ, ಅಪ್ಪನ ಟ್ಯಾಕ್ಸಿ. 1989ರ ಕೊನೆಗೆ ಬ್ಯಾಂಕ್ ಸಾಲದಲ್ಲಿ ತೆಗೆದ ಮಾರ್ಕ್ 4, ಡೀಸೆಲ್. ಹೊಸದಾಗಿ ಶುರುವಾಗಿದ್ದ ಕೆಎಲ್ 14 ನಂಬರ್. ಅದರ 1489 ಸಿಸಿ ಎಂಜಿನ್ ನಲವತ್ತು ಕುದುರೆಯನ್ನೂ ಮುಟ್ಟುತ್ತಿರಲಿಲ್ಲ. ಶಬ್ದಕ್ಕೆ ಮಾತ್ರ ಕೊರತೆ ಇರಲಿಲ್ಲ. ಹದಿಮೂರು ವರ್ಷ ಅದು ಕುಂಬಳೆ ಪೇಟೆಯ ಸ್ಟ್ಯಾಂಡಿನಲ್ಲಿ ನಿಂತು ಅವನನ್ನೂ ಅಕ್ಕನನ್ನೂ ಓದಿಸಿತು. 2003ರಲ್ಲಿ ಅಪ್ಪ ಅದನ್ನು ಮಾರಿದರು. ಕೊಂಡವನು ಎಲ್ಲಿಗೆ ಒಯ್ದನೋ, ಎಲ್ಲಿ ಗುಜರಿಗೆ ಹಾಕಿದನೋ. 2014ರ ಮೇ ತಿಂಗಳಲ್ಲಿ ಬಂಗಾಳದ ಉತ್ತರಪಾಡಾದ ಕಾರ್ಖಾನೆಯೂ ಅಂಬಾಸಿಡರ್ ಮಾಡುವುದನ್ನು ನಿಲ್ಲಿಸಿತು.

ಕಿಟ್ ಮಾಡುವ ದೊಡ್ಡ ಕಂಪನಿಗಳು ರೇಸಿನಲ್ಲಿ ಓಡಿದ ಕಾರುಗಳನ್ನು ಮಾಡುತ್ತವೆ, ಗೋಡೆಯ ಪೋಸ್ಟರಿನಲ್ಲಿ ನಿಂತ ಕಾರುಗಳನ್ನು ಮಾಡುತ್ತವೆ. ಬಾಡಿಗೆಗೆ ಓಡಿದ ಕಾರನ್ನು ಯಾರು ಮಾಡುತ್ತಾರೆ? ಸಂತೆಯಲ್ಲಿ ಸಿಗುವ, ಹಿಂದಕ್ಕೆಳೆದು ಬಿಟ್ಟರೆ ಮುಂದೆ ಓಡುವ ಪ್ಲಾಸ್ಟಿಕ್ ಅಂಬಾಸಿಡರ್ ಒಂದನ್ನು ತಂದು ಅಳೆದು ನೋಡಿದ. ಮುಖ ಏನೋ ಹೋಲುತ್ತಿತ್ತು, ಸೊಂಟ ಸರಿಯಿರಲಿಲ್ಲ. ಅಸಲು ಕಾರಿನ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 2464 ಮಿಲಿಮೀಟರ್. 24ರಿಂದ ಭಾಗಿಸಿದರೆ 103ಕ್ಕೆ ಒಂದಿಷ್ಟು ಕಡಿಮೆ. ಈ ಲೆಕ್ಕ ಒಮ್ಮೆ ತಲೆಗೆ ಹೊಕ್ಕರೆ ಬಿಡುವುದಿಲ್ಲ. ಟರ್ಮಿನಲ್ಲಿನಲ್ಲಿ ನಲವತ್ತು ಅಡಿಯ ಕಂಟೇನರ್ ಕಂಡರೂ ಅವನ ತಲೆ ‘ಐವತ್ತೊಂದು ಸೆಂಟಿಮೀಟರ್’ ಎನ್ನುತ್ತದೆ.

ಹಾಗಾಗಿ ಪೂರ್ತಿ ಕೈಯಿಂದಲೇ ಮಾಡಬೇಕು. ಕೇರಳದಲ್ಲಿ ಇದಕ್ಕೆ ಗುರುಗಳಿಗೆ ಕೊರತೆಯಿಲ್ಲ. ಕೆಎಸ್‌ಆರ್‌ಟಿಸಿ ಬಸ್ಸು, ಲೈನ್ ಬಸ್ಸು, ಟೂರಿಸ್ಟ್ ಬಸ್ಸುಗಳ ಪುಟ್ಟ ಮಾದರಿ ಮಾಡುವ ಹುಡುಗರು ಇಲ್ಲಿ ಊರಿಗೆ ಒಬ್ಬರಾದರೂ ಸಿಗುತ್ತಾರೆ. ಬೋರ್ಡ್ ಬರೆಯುವವರು ಬಳಸುವ ಫೋಮ್ ಶೀಟ್ ಕತ್ತರಿಸಿ, ಅಂಟಿಸಿ, ಸೀಟಿನ ಬಟ್ಟೆಯಿಂದ ಹಿಂದಿನ ಏಣಿಯವರೆಗೆ ಎಲ್ಲವನ್ನೂ ಮಾಡುತ್ತಾರೆ. 2018ರಲ್ಲಿ ಇಲ್ಲಿಯ ಖಾಸಗಿ ಬಸ್ಸುಗಳಿಗೆಲ್ಲ ಸರಕಾರ ಬಣ್ಣ ಗೊತ್ತು ಮಾಡಿತು: ಸಿಟಿ ಬಸ್ಸಿಗೆ ಹಸಿರು, ಹಳ್ಳಿ ಕಡೆಯದಕ್ಕೆ ನೀಲಿ, ಲಿಮಿಟೆಡ್ ಸ್ಟಾಪಿಗೆ ಮರೂನ್. 2022ರ ಅಕ್ಟೋಬರಿನ ವಡಕ್ಕಂಚೇರಿ ಅಪಘಾತದ ಬಳಿಕ ಟೂರಿಸ್ಟ್ ಬಸ್ಸುಗಳಿಗೂ ಬಿಳಿಯ ನಿಯಮ ಬಿಗಿಯಾಗಿ ಜಾರಿಗೆ ಬಂತು. ಹುಲಿ, ಹದ್ದು, ಸಿನಿಮಾ ನಟರೆಲ್ಲ ರಸ್ತೆಯಿಂದ ಇಳಿದು ಹೋದರು. ಆ ಬಣ್ಣಗಳು ಈಗ ಬದುಕಿರುವುದು ಈ ಹುಡುಗರ ಫೋಮ್ ಶೀಟಿನ ಬಸ್ಸುಗಳ ಮೇಲೆ ಮಾತ್ರ. ಬಸ್ಸಿನ ಮಾಲೀಕರೇ ಬಂದು ತಮ್ಮ ಹಳೆ ಬಸ್ಸನ್ನು ಹಳೆ ಬಣ್ಣದಲ್ಲೇ ಮಾಡಿಸಿಕೊಂಡು ಹೋದರೆ ಆಶ್ಚರ್ಯವೇನಿಲ್ಲ.

ಎರ್ನಾಕುಳಂನ ಹತ್ತಿರದ ಅಂಥ ಒಬ್ಬ ಹುಡುಗ ಅವನಿಗೆ ಶೀಟ್ ಕತ್ತರಿಸುವುದನ್ನು ಹೇಳಿಕೊಟ್ಟ. ಆದರೆ ಬಸ್ಸು ಎಷ್ಟೆಂದರೂ ಪೆಟ್ಟಿಗೆ; ಅಂಬಾಸಿಡರ್ ಕುಂಬಳಕಾಯಿ. ಅದರ ಮೈಯಲ್ಲಿ ಒಂದು ನೇರ ಗೆರೆ ಇಲ್ಲ. ಕೊನೆಗೆ ಮರದಲ್ಲಿ ಅಚ್ಚು ಕೆತ್ತಿ, ಪ್ಲಾಸ್ಟಿಕ್ ಹಾಳೆಯನ್ನು ಬಿಸಿ ಮಾಡಿ ಅದರ ಮೇಲೆ ಒತ್ತಿ ಮೈ ತೆಗೆಯುವುದೆಂದಾಯಿತು. ಚನ್ನಪಟ್ಟಣದವರು ಗೊಂಬೆ ಮಾಡುವ ಹಾಲೆ ಮರದ ತುಂಡೊಂದನ್ನು ಬೆಂಗಳೂರಿನ ಗೆಳೆಯ ತಂದುಕೊಟ್ಟ. ಮೆತ್ತಗಿನ ಮರ, ಉಳಿಗೆ ಬೆಣ್ಣೆ. ಆದರೂ ಮೂರು ಅಚ್ಚು ಕೆಟ್ಟವು. ನಾಲ್ಕನೆಯದರ ಹಿಂಬದಿಯ ಮಡ್‌ಗಾರ್ಡಿನ ಮೇಲೆ ಕೈ ಸವರಿದಾಗ, ಕಣ್ಣಿಗಿಂತ ಮೊದಲು ಅಂಗೈಗೆ ಗುರುತು ಹತ್ತಿತು.

ಜಪಾನಿನ ತಮಿಯಾ ಕಂಪನಿಯದ್ದೊಂದು ಕಥೆ ಈ ಕಸುಬಿನವರೆಲ್ಲ ಹೇಳುತ್ತಾರೆ. 1976ರಲ್ಲಿ ಪೋರ್ಷೆ 934ರ ಕಿಟ್ ತರುವ ಮೊದಲು ಅವರು ನಿಜವಾದ ಒಂದು ಪೋರ್ಷೆ 911 ಕಾರನ್ನೇ ಕೊಂಡು, ಪೂರ್ತಿ ಬಿಚ್ಚಿ, ಅಳೆದು ನೋಡಿದರು. ಅವನ ಹತ್ತಿರ ಬಿಚ್ಚಿ ನೋಡಲು ಕಾರು ಇರಲಿಲ್ಲ. ಇದ್ದದ್ದು ಮೂರು ಫೋಟೋ. ಕಾರು ತಂದ ದಿನದ್ದು ಒಂದು, ಅಕ್ಕನ ಶಾಲೆಯ ಬಹುಮಾನದ ದಿನದ್ದು ಒಂದು, 2000ದ ಆಸುಪಾಸಿನಲ್ಲಿ ಆಯುಧಪೂಜೆಗೆ ಹೂ ಹಾಕಿ ನಿಲ್ಲಿಸಿದ್ದು ಒಂದು. ಮೂರನ್ನೂ ಸ್ಕ್ಯಾನ್ ಮಾಡಿಸಿ ದೊಡ್ಡದು ಮಾಡಿ ಮೇಜಿನೆದುರು ಅಂಟಿಸಿದ ಮೇಲೆ ಒಂದು ತೊಂದರೆ ಗಮನಕ್ಕೆ ಬಂತು. ಮೊದಲನೆಯದು ಎದುರಿನಿಂದ ತೆಗೆದದ್ದು, ಉಳಿದ ಎರಡೂ ಕಾರಿನ ಬಲಗಡೆಯದ್ದು. ಎಡಗಡೆಯ ಒಂದು ಫೋಟೋ ಇಲ್ಲ.

ಉಳಿದದ್ದಕ್ಕೆ ಅಪ್ಪನೇ ಗತಿ. ಅಪ್ಪನದ್ದು ಫೋನಿನಲ್ಲಿ ಅರ್ಧ ನಿಮಿಷದ ಮಾತು: ‘ಹೇಗಿದ್ದಿ, ಮಗಳು ಹೇಗಿದ್ದಾಳೆ, ಅಮ್ಮನಿಗೆ ಕೊಡ್ತೇನೆ.’ ಮಗನ ಈ ಕೆಲಸದ ಬಗ್ಗೆ ಅವರಿಗೆ ದೊಡ್ಡ ಅಭಿಪ್ರಾಯವೇನೂ ಇರಲಿಲ್ಲ. ಅಂಥವರಿಗೆ ಒಂದು ಭಾನುವಾರ ಕೇಳಿದ: ‘ಅಪ್ಪಾ, ಸ್ಟ್ಯಾಂಡಿನಲ್ಲಿ ನಿಲ್ಲಿಸಿದಾಗ ಗೇರಿನ ಹಿಡಿ ಎಲ್ಲಿರ್ತಿತ್ತು?’ ಅಂಬಾಸಿಡರಿನ ಗೇರು ಸ್ಟೇರಿಂಗಿನ ಬುಡದಲ್ಲಿ. ಹಿಡಿ ಮೇಲಿದೆಯೋ ಕೆಳಗಿದೆಯೋ ಎಂಬುದು ಇಪ್ಪತ್ತನಾಲ್ಕನೇ ಒಂದು ಪಾಲಿನಲ್ಲೂ ಕಿಟಕಿಯಿಂದ ಕಾಣುತ್ತದೆ.

ಆ ಕಡೆ ಸ್ವಲ್ಪ ಹೊತ್ತು ಮೌನ. ‘ನ್ಯೂಟ್ರಲ್‌ನಲ್ಲಿ ಎಂತಕ್ಕೆ ಬಿಡುವುದು ಮಾರಾಯ? ಹ್ಯಾಂಡ್‌ಬ್ರೇಕನ್ನು ನಂಬ್ಲಿಕ್ಕುಂಟಾ? ಫಸ್ಟ್‌ನಲ್ಲಿ ಹಾಕಿಯೇ ಇಳಿಯುವುದು.’ ಆಮೇಲೆ ಹ್ಯಾಂಡ್‌ಬ್ರೇಕಿನ ಕಥೆ, ಅದರಿಂದ ಬದಿಯಡ್ಕದ ಇಳಿಜಾರಿನ ಕಥೆ. ಅವತ್ತು ಅಪ್ಪ ಹದಿನೇಳು ನಿಮಿಷ ಮಾತಾಡಿದರು. ಫೋನ್ ಇಟ್ಟ ಮೇಲೆ ಅವನು ಸಮಯ ನೋಡಿದ್ದ.

ಹೀಗೆ ವಾರಕ್ಕೊಂದು ಪ್ರಶ್ನೆ. ಸೀಟಿನ ರೆಕ್ಸಿನ್ ಯಾವ ಬಣ್ಣ, ಮಧೂರು ಗಣಪತಿಯ ಫೋಟೋ ಡ್ಯಾಶ್‌ಬೋರ್ಡಿನ ನಡುವಿನಲ್ಲಿತ್ತೋ ಬಲಕ್ಕಿತ್ತೋ, ಡಿಕ್ಕಿಯಲ್ಲಿ ಎಂತೆಲ್ಲ ಇರುತ್ತಿತ್ತು. ಡಿಕ್ಕಿಯಲ್ಲಿ ಒಂದು ಹಳೆ ಚಾಪೆ, ಎರಡು ಬೆಡ್‌ಶೀಟ್, ಒಂದು ಪ್ಲಾಸ್ಟಿಕ್ ಬಕೆಟ್ ಇರುತ್ತಿತ್ತಂತೆ. ಟ್ಯಾಕ್ಸಿಗೆ ಚಾಪೆ ಯಾಕೆ? ಯಾಕೆಂದರೆ ಕುಂಬಳೆಯ ಟ್ಯಾಕ್ಸಿಗೆ ರಾತ್ರಿ ಸಿಗುವ ಬಾಡಿಗೆಯಲ್ಲಿ ಮುಕ್ಕಾಲು ಪಾಲು ಮಂಗಳೂರಿನ ಆಸ್ಪತ್ರೆಗಳದ್ದು. ಕಾಸರಗೋಡಿನ ಬಡಗು ಭಾಗದವರಿಗೆ ರಾಜ್ಯ ಯಾವುದಾದರೇನು, ಹೆರಿಗೆ ಕಷ್ಟವಾದರೆ, ಎದೆ ನೋವು ಬಂದರೆ ಕಾರಿನ ಮೂತಿ ತಿರುಗುವುದು ಉತ್ತರಕ್ಕೆ. ಉಪ್ಪಳ, ಹೊಸಂಗಡಿ, ಮಂಜೇಶ್ವರ, ತಲಪಾಡಿ, ತೊಕ್ಕೊಟ್ಟು, ನೇತ್ರಾವತಿ ಸೇತುವೆ. ಅಪ್ಪ ಈ ಹೆಸರುಗಳನ್ನು ಹೇಳುವ ಕ್ರಮವೇ ಬೇರೆ, ಜಪದ ಹಾಗೆ. 2020ರ ಮಾರ್ಚ್ ಕೊನೆಯಲ್ಲಿ ಕೋವಿಡ್ಡಿನ ಹೆಸರಿನಲ್ಲಿ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು, ಆಂಬುಲೆನ್ಸುಗಳು ತಲಪಾಡಿಯಿಂದ ಹಿಂದೆ ಬಂದವಲ್ಲ, ಆ ದಿನಗಳಲ್ಲಿ ಅಪ್ಪ ಟಿವಿ ಆರಿಸಿ ತೋಟಕ್ಕೆ ಹೋಗಿ ಕೂರುತ್ತಿದ್ದರೆಂದು ಅಮ್ಮ ಹೇಳಿದ್ದು ಅವನಿಗೆ ಆಗ ಅಷ್ಟಾಗಿ ತಟ್ಟಿರಲಿಲ್ಲ.

ಅಪ್ಪನಿಗೆ ಇಸವಿಗಳು ನೆನಪಿರುವುದಿಲ್ಲ. ಮಗಳ ಮದುವೆಯ ವರ್ಷವನ್ನೂ ಅಮ್ಮನನ್ನು ಕೇಳಿಯೇ ಹೇಳುವವರು. ಆದರೆ ವೈಪರ್ ಯಾವ ನಮೂನೆಯದ್ದು ಎಂದು ಕೇಳಿದಾಗ ತಡವಿಲ್ಲದೆ, ‘ಅದು ಮೋಟಾರ್ ಸಮೇತ ಹೊಸತು. 94ರ ಆಟಿಯಲ್ಲಿ ಹಾಕಿಸಿದ್ದು’ ಎಂದರು. ಅವನು ಅದನ್ನು ಹಾಗೆಯೇ ಪುಸ್ತಕದಲ್ಲಿ ಬರೆದುಕೊಂಡ.

ಎಡಗಡೆಯ ವಿಷಯದಲ್ಲಿ ಅವನು ಅಪ್ಪನನ್ನು ಕೇಳಲಿಲ್ಲ. ಅಲ್ಲಿ ಅವನಿಗೇ ಗೊತ್ತಿದ್ದ ಗುರುತು ಒಂದಿತ್ತು. ಹಿಂದಿನ ಎಡ ಬಾಗಿಲಿನಲ್ಲಿ, ಹ್ಯಾಂಡಲಿನಿಂದ ಒಂದು ಗೇಣು ಕೆಳಗೆ, ಒಂದು ನೆಗ್ಗು. ಚಿಕ್ಕವನಿದ್ದಾಗ ತೆಂಗಿನಕಾಯಿ ಬಿದ್ದದ್ದು ಎಂದು ಅಪ್ಪ ಹೇಳಿದ್ದರು. ಕಾರು ತೊಳೆಯುವಾಗ ಅದರೊಳಗೆ ಮುಷ್ಟಿ ಇಟ್ಟು ನೋಡುತ್ತಿದ್ದ. ಸರಿಯಾಗಿ ಕೂರುತ್ತಿತ್ತು, ಸುತ್ತ ಒಂದು ಬೆರಳು ಜಾಗ ಉಳಿಯುತ್ತಿತ್ತು. ಫೋಟೋ ಇಲ್ಲದಿದ್ದರೇನು, ಅಳತೆ ಇತ್ತು. ಆಗ ಅವನಿಗೆ ಎಂಟು ವರ್ಷ. ಈಗ ಮಗಳಿಗೆ ಎಂಟು. ಯಾಕೆಂದು ಹೇಳದೆ ಅವಳ ಮುಷ್ಟಿ ಅಳೆದ, ಸುತ್ತಲಿನ ಬೆರಳು ಸೇರಿಸಿದ, ಹತ್ತು ಸೆಂಟಿಮೀಟರ್ ಎಂದು ಹಿಡಿದ. 24ರಿಂದ ಭಾಗಿಸಿದರೆ ನಾಲ್ಕು ಮಿಲಿಮೀಟರ್. ಚಮಚದ ತುದಿಯನ್ನು ಬಿಸಿ ಮಾಡಿ ಪ್ಲಾಸ್ಟಿಕ್ ಬಾಗಿಲಿಗೆ ಒಂದು ಉಸಿರಿನಷ್ಟು ಹೊತ್ತು ಒತ್ತಿದ. ಚೆನ್ನಾಗಿ ಬಂತು. ಅದರ ಮೇಲೆ ಪ್ರೈಮರ್, ಅದರ ಮೇಲೆ ಜೂನ್ ತಿಂಗಳ ಆ ಹಾಳು ಬಿಳಿ.

ಕೆಟ್ಟ ಬಣ್ಣ ತೆಗೆಯಲು ಈ ಕಸುಬಿನಲ್ಲಿ ಬ್ರೇಕ್ ಆಯಿಲ್ ಬಳಸುವುದುಂಟು. ಹಳೆ ಐಸ್‌ಕ್ರೀಮ್ ಡಬ್ಬಿಯಲ್ಲಿ ಎರಡು ದಿನ ಮುಳುಗಿಸಿಟ್ಟು ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದರೆ ಬಣ್ಣ ಬಿಡುತ್ತದೆ. ತೊಳೆದು ಒಣಗಲು ಇಟ್ಟ ಬರಿಮೈ ಕಾರನ್ನು ಮಗಳು ಎತ್ತಿಕೊಂಡು ತಿರುಗಿಸಿ ನೋಡುತ್ತಿದ್ದಳು.

‘ಅಪ್ಪಾ, ಇಲ್ಲಿ ಎಂತಾಯ್ತು?’

‘ಅದು ತೆಂಗಿನಕಾಯಿ ಬಿದ್ದದ್ದು.’

ಅವಳು ಮತ್ತೊಮ್ಮೆ ನೋಡಿದಳು. ‘ಬಾಗಿಲಿಗೆ ಹೇಗೆ ಬೀಳ್ತದೆ? ಕಾರು ಮಲಗಿತ್ತಾ?’

ಅವನು ನಕ್ಕ. ಆಮೇಲೆ ಕಾರನ್ನು ಅವಳ ಕೈಯಿಂದ ತೆಗೆದುಕೊಂಡು ಮೇಜಿನ ಮೇಲಿಟ್ಟ. ತೆಂಗಿನಕಾಯಿ ಬೀಳುವುದು ಮೇಲಿನಿಂದ. ಬಿದ್ದರೆ ಬಾನೆಟ್ಟು, ಬಿದ್ದರೆ ಟಾಪು. ನೆಟ್ಟಗೆ ನಿಂತ ಬಾಗಿಲಿಗೆ, ನೆಲದಿಂದ ಮೊಣಕಾಲಿಗೆ ಸ್ವಲ್ಪ ಮೇಲೆ, ಒಳಮುಖವಾಗಿ ನೆಗ್ಗು ಬರಬೇಕಾದರೆ ಕಾಯಿ ಪಕ್ಕದಿಂದ ಹಾರಿ ಬರಬೇಕು. ಮೂವತ್ತು ವರ್ಷ ಇದು ಅವನಿಗೆ ಹೊಳೆದಿರಲಿಲ್ಲ. ಆ ನೆಗ್ಗನ್ನು ತನ್ನ ಕೈಯಿಂದಲೇ, ಅಳೆದು, ಬಿಸಿ ಚಮಚ ಹಿಡಿದು ಮಾಡುವಾಗಲೂ ಹೊಳೆದಿರಲಿಲ್ಲ.

ಜೊತೆಗೆ ಇನ್ನೊಂದು ನೆನಪಾಯಿತು. ಸ್ಟ್ಯಾಂಡಿನಲ್ಲಿ ಉಳಿದ ಕಾರುಗಳು ರಸ್ತೆಗೆ ಮುಖ ಮಾಡಿ ಸಾಲಾಗಿ ನಿಲ್ಲುತ್ತಿದ್ದವು. ಅಪ್ಪನದ್ದು ಮಾತ್ರ ಕೊನೆಯಲ್ಲಿ, ಎಡ ಮೈಯನ್ನು ಗೋಡೆಗೆ ಒತ್ತಿಕೊಂಡು. ಆ ಕಡೆಯ ಬಾಗಿಲು ತೆರೆಯಲಾಗದೆ ಬಾಡಿಗೆಯವರು ಗೊಣಗುತ್ತಿದ್ದರು.

ಆ ಭಾನುವಾರ ಕೇಳಿದ. ಅಪ್ಪ ‘ತೆಂಗಿನಕಾಯಿಯೇ’ ಎಂದು ಹೇಳಿ ಫೋನನ್ನು ಅಮ್ಮನಿಗೆ ಕೊಟ್ಟರು.

ಜುಲೈಯಲ್ಲಿ ತಿರುವನಂತಪುರದ ಹತ್ತಿರದ ವಿಳಿಂಜಂ ಬಂದರಿಗೆ ಮೊದಲ ದೊಡ್ಡ ಕಂಟೇನರ್ ಹಡಗು ಬಂತು. ವಲ್ಲಾರ್ಪಾಡಂನವರು ಅದನ್ನು ಟಿವಿಯಲ್ಲಿ, ಪಕ್ಕದ ಮನೆಗೆ ಹೊಸ ಸೊಸೆ ಬಂದದ್ದನ್ನು ನೋಡುವಂತೆ ನೋಡಿದರು. ಅವನ ಕಚೇರಿಯವರು, ಅಲ್ಲಿ ಏನು ನಡೆಯುತ್ತದೆ ನೋಡಿ ಬಾ ಎಂದು ಅವನನ್ನು ಕೆಲವು ವಾರ ತಿರುವನಂತಪುರಕ್ಕೆ ಕಳಿಸಿದರು. ಬರಿಮೈ ಕಾರು ಬಟ್ಟೆಯಲ್ಲಿ ಸುತ್ತಿ ವಲ್ಲಾರ್ಪಾಡಂನ ಕಪಾಟಿನಲ್ಲಿ ಉಳಿಯಿತು. ತಂಪಾನೂರಿನ ಲಾಡ್ಜಿನ ಕೋಣೆಯಲ್ಲಿ ಒಂದು ರಾತ್ರಿ ಒಂಬತ್ತೂವರೆಗೆ ಅಪ್ಪನ ಫೋನ್ ಬಂತು. ಅಪ್ಪ ತಾವಾಗಿ ಫೋನ್ ಮಾಡುವವರಲ್ಲ. ಯಾರೋ ಹೋದರೆಂದೇ ಅವನು ಎದ್ದು ನಿಂತ.

ಅಪ್ಪ ಪೀಠಿಕೆ ಹಾಕಲಿಲ್ಲ. ಆಟಿ ತಿಂಗಳ ರಾತ್ರಿ, ಸುರಿಯುವ ಮಳೆ. ಹೆರಿಗೆಯಾಗಿ ರಕ್ತ ನಿಲ್ಲದ ಒಬ್ಬಳು ಹುಡುಗಿ ಹಿಂದಿನ ಸೀಟಿನಲ್ಲಿ, ಅವಳ ತಲೆ ಒಬ್ಬಳು ಮುದುಕಿಯ ಮಡಿಲಿನಲ್ಲಿ. ಮುಂದೆ ಗಂಡ, ಇಪ್ಪತ್ತೈದರ ಒಳಗಿನವನು. ಉಪ್ಪಳ ದಾಟುವಾಗ ವೈಪರ್ ನಿಂತಿತು. ಗಾಜಿನಲ್ಲಿ ಏನೂ ಕಾಣುವುದಿಲ್ಲ. ಅಪ್ಪ ಕಾರು ನಿಲ್ಲಿಸಿ, ಇಳಿದು, ಗಾಜಿಗೆ ಹೊಗೆಸೊಪ್ಪು ಉಜ್ಜಿದರು. ನೀರು ನಿಲ್ಲದೆ ಜಾರಲಿ ಎಂದು ಆ ಕಾಲದ ಡ್ರೈವರುಗಳು ಹಾಗೆ ಮಾಡುತ್ತಿದ್ದರು. ತಲಪಾಡಿಯ ಆಚೆ ಮತ್ತೆ ನಿಲ್ಲಿಸಿ ಮತ್ತೆ ಉಜ್ಜಿದರು. ಮಂಗಳೂರಿನ ಆಸ್ಪತ್ರೆಯವರು ಹುಡುಗಿಯನ್ನು ಒಳಗೆ ಒಯ್ದು, ಸ್ವಲ್ಪ ಹೊತ್ತಿನಲ್ಲೇ ಹೊರಗೆ ಬಂದು ಹೇಳಿದರು. ದಾರಿಯಲ್ಲೇ ಹೋಗಿದ್ದಳು. ಗಂಡ ನಡೆದುಕೊಂಡು ಕಾರಿನ ಹತ್ತಿರ ಬಂದ. ಅವಳನ್ನು ಇಳಿಸಿದ ಆ ಬಾಗಿಲಿಗೆ ಒದ್ದ.

‘ಎರಡು ಸಲ ನಿಲ್ಲಿಸಿದಿರಿ ಅಂತ ಹೇಳಿದ,’ ಎಂದರು ಅಪ್ಪ. ‘ಎರಡು ಸಲ ನಿಲ್ಲಿಸಿದ್ದೆ. ಅದು ಸುಳ್ಳಲ್ಲ.’

ಇವನಿಗೆ ಏನು ಹೇಳಬೇಕೆಂದು ತೋಚಲಿಲ್ಲ. ಕೆಳಗೆ ರೈಲ್ವೇ ಸ್ಟೇಷನ್ನಿನ ಗದ್ದಲ.

‘ಟಿಂಕರಿಂಗ್ ಮಾಡಿಸಬಹುದಿತ್ತಲ್ಲ ಅಪ್ಪಾ?’

‘ಬಹುದಿತ್ತು. ಮನಸ್ಸು ಬರ್ಲಿಲ್ಲ. ಆದ್ರೆ ಅವನು ನಮ್ಮ ಪೇಟೆಯ ಮಿಲ್ಲಿಗೇ ಕೆಲಸಕ್ಕೆ ಹೋಗುವವ. ದಿನಾ ಸ್ಟ್ಯಾಂಡಿನ ಎದುರಿಂದಲೇ ಹೋಗ್ಬೇಕು. ಅದು ಅವನ ಕಣ್ಣಿಗೆ ಬೀಳುವುದು ಬೇಡ ಅಂತ ಆ ಕಡೆ ಗೋಡೆಗೆ ಇಡ್ತಿದ್ದೆ.’

ಆಮೇಲೆ ಅಪ್ಪನೇ ಕೇಳಿದರು: ‘ನೀನು ಅದನ್ನು ಮಾಡಿದ್ದೀಯಾ?’

‘ಮಾಡಿದ್ದೇನೆ.’

‘ಎಷ್ಟು ದೊಡ್ಡದು?’

‘ನಾಲ್ಕು ಮಿಲಿಮೀಟರ್. ಎರಡು ಅಕ್ಕಿಕಾಳು ಪಕ್ಕಪಕ್ಕ ಇಟ್ಟಷ್ಟು. ಬೇಡ ಅಂದ್ರೆ ಪುಟ್ಟಿ ಹಾಕಿ ಮುಚ್ಚುತ್ತೇನೆ, ಹತ್ತು ನಿಮಿಷದ ಕೆಲಸ.’

‘ನಾನೇ ಮುಚ್ಚಿಸ್ಲಿಲ್ಲ. ನೀನು ಎಂತಕ್ಕೆ ಮುಚ್ಚುವುದು,’ ಎಂದು ಹೇಳಿ ಅಪ್ಪ ಫೋನ್ ಇಟ್ಟರು.

ಬಣ್ಣಕ್ಕೆ ಡಿಸೆಂಬರಿನವರೆಗೆ ಕಾಯಬೇಕಾಯಿತು. ಈ ಸಲ ಬರಿಯ ಬಿಳಿ ಬಳಸಲಿಲ್ಲ. ಚಿಕ್ಕ ವಸ್ತುವಿನ ಮೇಲೆ ಅಸಲು ಬಣ್ಣವನ್ನು ಹಾಗೆಯೇ ಹಚ್ಚಿದರೆ ಸುಳ್ಳಾಗಿ ಕಾಣುತ್ತದೆ. ದೂರದಿಂದ ನೋಡಿದಾಗ ಗಾಳಿ, ಬೆಳಕು ಸೇರಿ ಬಣ್ಣ ಮಂಕಾಗುವುದನ್ನು ಬಣ್ಣದೊಳಗೇ ಬೆರೆಸಬೇಕು. ಕಪ್ಪಾದರೆ ಬೂದಿಯ ಕಡೆಗೆ ತರಬೇಕು, ಕೆಂಪಾದರೆ ತಿಳಿ ಮಾಡಬೇಕು. ಬಿಳಿಯನ್ನು ಇನ್ನೆಷ್ಟು ತಿಳಿ ಮಾಡುವುದು? ಅದಕ್ಕೆ ಕೊಳೆಯನ್ನೇ ಸೇರಿಸಬೇಕು. ಇಪ್ಪತ್ತು ಹನಿ ಬಿಳಿಗೆ ಒಂದು ಹನಿ ಮಣ್ಣು ಬಣ್ಣ, ಸೂಜಿಯ ಮೊನೆಯಷ್ಟು ಹಳದಿ. ತೆಳ್ಳಗೆ ಐದು ಸಲ, ಒಂದೊಂದರ ನಡುವೆ ಅರ್ಧ ಗಂಟೆ. ಒಣಗಿಸಲು ಒಳಗೆ 40 ವ್ಯಾಟ್ ಬಲ್ಬು ಕಟ್ಟಿದ ರಟ್ಟಿನ ಪೆಟ್ಟಿಗೆ. ಬಂಪರಿಗೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್. ರೇಡಿಯೋ ಕಡ್ಡಿಗೆ, ಕಿಟ್ಟಿನ ಚೌಕಟ್ಟಿನ ಪ್ಲಾಸ್ಟಿಕ್ಕನ್ನು ಮೋಂಬತ್ತಿಗೆ ಹಿಡಿದು ಕೂದಲಿನಷ್ಟು ತೆಳ್ಳಗೆ ಎಳೆದದ್ದು. ಗೇರಿನ ಹಿಡಿ ಫಸ್ಟ್‌ನಲ್ಲಿದೆ. ನೆಗ್ಗಿನ ಒಳಗೆ ಹೊಳಪು ಸ್ವಲ್ಪ ಕಡಿಮೆ ಮಾಡಬೇಕೋ ಬೇಡವೋ ಎಂದು ಎರಡು ಸಂಜೆ ಯೋಚಿಸಿ, ಸುಮ್ಮನೆ ಬಿಟ್ಟ. ಬಾಲ್ಕನಿಯ ಬೆಳಕು ಓರೆಯಾಗಿ ಬಿದ್ದರೆ ಮಾತ್ರ ಅದು ಕಾಣುತ್ತದೆ.

ಕ್ರಿಸ್‌ಮಸ್ ರಜೆಗೆ ಊರಿಗೆ ಹೊರಟಾಗ ಕಾರನ್ನು ಹಳೆ ಟಿಫಿನ್ ಡಬ್ಬಿಯಲ್ಲಿ ಹತ್ತಿ ತುಂಬಿಸಿ ಇಟ್ಟುಕೊಂಡು, ಎರ್ನಾಕುಳಂನಿಂದ ಕಾಸರಗೋಡಿನವರೆಗೆ ವಂದೇ ಭಾರತ್‌ನಲ್ಲಿ ತೊಡೆಯ ಮೇಲಿಂದ ಕೆಳಗಿಳಿಸಲಿಲ್ಲ. ಪಕ್ಕದವರು ಯಾವುದೋ ಔಷಧ ಇರಬೇಕೆಂದು ತಿಳಿದು ಜಾಗ ಕೊಟ್ಟರು.

ಅಪ್ಪ ಅದನ್ನು ಕಿಟಕಿಯ ಹತ್ತಿರ ಒಯ್ದು ನೋಡಿದರು. ಕನ್ನಡಕ ತೆಗೆದು ನೋಡಿದರು, ಹಾಕಿ ನೋಡಿದರು. ಟಾರ್ಚ್ ತರಿಸಿ ಒಳಗೆ ಬೆಳಕು ಬಿಟ್ಟರು. ಗಣಪತಿ ಕಂಡಾಗ ‘ಹೋ’ ಎಂದರು. ಕಿರುಬೆರಳನ್ನು ಎಡಗಡೆಯ ಬಾಗಿಲಿನ ಮೇಲಿಟ್ಟು, ಒತ್ತದೆ, ಸುಮ್ಮನೆ ಇಟ್ಟುಕೊಂಡರು. ಕೊನೆಗೆ ಬಾಯಿ ತೆರೆದದ್ದು ತಪ್ಪು ಹೇಳಲಿಕ್ಕೆ.

‘ನಂಬರ್ ಪ್ಲೇಟ್ ಹಳದಿ ಮಾಡಿದ್ದೀ. ಟ್ಯಾಕ್ಸಿಗೆ ಹಳದಿ ಬಂದದ್ದು ಆಮೇಲೆ. ಆಗ ಬಿಳಿ ಪ್ಲೇಟಿನಲ್ಲಿ ಕಪ್ಪು ಅಕ್ಷರ.’

ಅದು ನಿಜ. ಹಳದಿ ಬಂದದ್ದು 2001ರ ಸುಮಾರಿಗೆ. ಕಾರಿನ ಕೊನೆಯ ಎರಡು ವರ್ಷಕ್ಕೆ ಮಾತ್ರ. ಮುಂದಿನ ಸಲ ಬರುವಾಗ ಬದಲಿಸಿ ಕೊಡುವುದಾಗಿ ಅವನು ಒಪ್ಪಿಕೊಂಡ. ಬಿಳಿ ಪ್ಲೇಟುಗಳು ಈಗ ತಯಾರಾಗಿ ವಲ್ಲಾರ್ಪಾಡಂನ ಮೇಜಿನ ಮೇಲೆ ಬೆಂಕಿಪೆಟ್ಟಿಗೆಯೊಳಗಿವೆ.

ಕಾರು ಊರಿನ ಮನೆಯಲ್ಲಿ ಟಿವಿಯ ಪಕ್ಕದ ಶೋಕೇಸಿನ ಮೇಲಿದೆ. ಅಪ್ಪ ಅದನ್ನು ಇಡುವುದು ಎಡಗಡೆ ಗೋಡೆಗೆ ಬರುವಂತೆ. ಬೆಳಿಗ್ಗೆ ಧೂಳು ಒರೆಸುವಾಗ ಅಮ್ಮ ಅದನ್ನು ಎತ್ತಿ, ಕೈಗೆ ಹೇಗೆ ಬಂತೋ ಹಾಗೆ ಇಡುತ್ತಾರೆ. ಪೇಪರ್ ಓದಿ ಎದ್ದ ಅಪ್ಪ ಮತ್ತೆ ತಿರುಗಿಸುತ್ತಾರೆ.